ಒಕ್ಕದ ಕೂಟ ಐನ್‌ಮನೆಯಲ್ಲೋ, ರೆಸಾರ್ಟಿನಲ್ಲೋ?

ಪ್ರಶ್ನೆ: ಪ್ರತಿವರ್ಷ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯಂದು ನಮ್ಮ ಒಕ್ಕದವರೆಲ್ಲ (ಒಂದೇ ಮೂಲದ ಕೊಡವ ಕುಟುಂಬದವರು) ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವುದು ಹಿಂದಿನಿಂದ ಬಂದ ಪದ್ಧತಿ. ಈಗ ಅರ್ಧಕ್ಕಿಂತ ಹೆಚ್ಚು ಮಂದಿ ಬೆಂಗಳೂರು, ಮೈಸೂರು ಮತ್ತು ಹೊರದೇಶಗಳಲ್ಲಿ ನೆಲೆಸಿದ್ದು, ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕ್ರಿಸ್‌ಮಸ್ ರಜೆಯಲ್ಲಿ ಬೆಂಗಳೂರಿನ ಸಮೀಪದ ರೆಸಾರ್ಟ್ ಒಂದರಲ್ಲಿ ಸೇರೋಣವೆಂದು ಕಿರಿಯರು ಹೇಳುತ್ತಾರೆ. ಹಿರಿಯರಿಗೆ ಇದು ಸರಿಬರುತ್ತಿಲ್ಲ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ದಿನವನ್ನು ಬೇಕಾದರೆ ಬದಲಿಸಿಕೊಳ್ಳಿ, ಜಾಗವನ್ನು ಮಾತ್ರ ಬದಲಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿರಿಯರ ಕಷ್ಟ ನಿಜವಾದದ್ದು. ಹುತ್ತರಿಯ ದಿನ ಮತ್ತು ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುತ್ತವೆ. ರೋಹಿಣಿ ನಕ್ಷತ್ರವನ್ನು ಅನುಸರಿಸುವ ಆ ದಿನ ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬೀಳುತ್ತದೆ, ವಾರದ ನಡುವೆ ಬಂದರೆ ಹೊರಗೆ ನೌಕರಿಯಲ್ಲಿರುವವರಿಗೆ ರಜೆ ಸಿಗುವುದಿಲ್ಲ. ಇದನ್ನು ಅವರ ಅಸಡ್ಡೆಯೆಂದು ಹಿರಿಯರು ತಿಳಿಯಬಾರದು. ಆದರೆ ಹುತ್ತರಿಯ ರಾತ್ರಿಯನ್ನು ರೆಸಾರ್ಟಿಗೆ ಒಯ್ಯುವುದು ಹೇಗೆ? ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಿ, ಎಲೆಗಳನ್ನು ಒಟ್ಟುಗೂಡಿಸಿದ 'ನೆರೆ' ಕಟ್ಟಿ, ಎಲ್ಲರೂ ಒಟ್ಟಾಗಿ ಗದ್ದೆಗಿಳಿದು, ಕೋವಿಯ ಸದ್ದು ಕೇಳಿದೊಡನೆ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಮರಳಿ ಬಂದು, ಆ ಕದಿರನ್ನು ಬಾಗಿಲಿಗೂ ಕಂಬಕ್ಕೂ ಕಟ್ಟಿ, ಬಾಳೆಹಣ್ಣಿನಲ್ಲಿ ಕಲಸಿದ ತಂಬಿಟ್ಟಿಗೆ ತುಪ್ಪ, ಎಳ್ಳು, ತೆಂಗಿನ ತುರಿ ಹಾಕಿಕೊಂಡು ತಿನ್ನುವ ಆ ಇಡೀ ಕ್ರಮಕ್ಕೆ ಗದ್ದೆ ಬೇಕು, ಆ ಮನೆಯ ಕಂಬಗಳೇ ಬೇಕು. ಆದ್ದರಿಂದ ಹುತ್ತರಿಯನ್ನು ಊರಿನಲ್ಲಿರುವವರು ಇದ್ದಷ್ಟು ಜನರೇ ಸೇರಿ ಅದರ ದಿನದಂದೇ ನಡೆಸಲಿ. ದೂರದವರನ್ನೂ ಕೂಡಿಸಿಕೊಳ್ಳುವ ದೊಡ್ಡ ಕೂಟವನ್ನು ಒಕ್ಕದ ಪೂರ್ವಿಕರಾದ ಗುರು ಕಾರಣರಿಗೆ ಎಡೆಯಿಡುವ 'ಕಾರಣಂಗ್ ಕೊಡ್‌ಪ'ದ ಜೊತೆಗೆ ಇಟ್ಟುಕೊಳ್ಳಿ. ಒಕ್ಕದವರು ಕೂಡಿ ಅನುಕೂಲದ ದಿನವನ್ನು ಗೊತ್ತುಮಾಡಿಕೊಳ್ಳಲು ಅಲ್ಲಿ ಅವಕಾಶವಿರುವುದರಿಂದ, ಮಕ್ಕಳ ಬೇಸಿಗೆ ರಜೆಯ ಒಂದು ಭಾನುವಾರವನ್ನು ವರ್ಷ ಮೊದಲೇ ಸಾರಿಬಿಟ್ಟರೆ ವಿದೇಶದಲ್ಲಿರುವವರೂ ಪ್ರಯಾಣದ ಏರ್ಪಾಡು ಮಾಡಿಕೊಳ್ಳಬಹುದು.

ಜಾಗದ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಐನ್‌ಮನೆ ಯಾರೊಬ್ಬರ ಸಂಸಾರದ ಮನೆಯೂ ಅಲ್ಲ. ಅಲ್ಲಿ ಸದ್ಯ ವಾಸವಿರುವವರು ಯಾರೇ ಇರಲಿ, ಪೂರ್ವಿಕರ ಗುಡಿಯಾದ ಕೈಮಡದ ಮುಂದೆ ಕೈಮುಗಿಯುವ ಹಕ್ಕು ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರಿಗೆ ಎಷ್ಟಿದೆಯೋ ನಿನ್ನೆ ಹುಟ್ಟಿದ ಮಗುವಿಗೂ ಅಷ್ಟೇ ಇದೆ. ಹಣವಿದ್ದವರು, ಇಲ್ಲದವರು, ತೋಟ ಮಾರಿ ಹೋದವರು, ಮಾತು ಬಿಟ್ಟ ದಾಯಾದಿಗಳು ಎಲ್ಲರೂ ಜಗಲಿಯ ಒಂದೇ ಅಯ್ಮರದ (ಕೂರುವ ಮರದ ಹಲಗೆಯ) ಮೇಲೆ ಕುಳಿತುಕೊಳ್ಳುವುದು ಅಲ್ಲಿ ಸಾಧ್ಯ. ರೆಸಾರ್ಟಿನಲ್ಲಿ ಕೋಣೆಯ ಬಾಡಿಗೆಯೇ ಮೊದಲ ಪ್ರಶ್ನೆಯಾಗುತ್ತದೆ. ಕೊಡಲಾಗದ ಮನೆಯವರು ಏನಾದರೊಂದು ನೆಪ ಹೇಳಿ ಹಿಂದುಳಿಯುತ್ತಾರೆ, ಮತ್ತು ಅಂಥವರೇ ಸಾಮಾನ್ಯವಾಗಿ ಇಷ್ಟು ವರ್ಷ ಐನ್‌ಮನೆಯ ದೀಪ ಆರದಂತೆ ನೋಡಿಕೊಂಡವರು.

ಕಿರಿಯರನ್ನು ಬರಿಯ ಅತಿಥಿಗಳಂತೆ ಕರೆಯುವುದನ್ನೂ ನಿಲ್ಲಿಸಬೇಕು. ಬಂದು ಉಂಡು ಹೋಗುವ ಕೂಟದಲ್ಲಿ ಯಾರಿಗೂ ಹೆಚ್ಚು ದಿನ ಆಸಕ್ತಿ ಉಳಿಯುವುದಿಲ್ಲ, ಕೈಗೆ ಕೆಲಸ ಬಂದರೆ ಮನಸ್ಸೂ ಹಿಂದೆಯೇ ಬರುತ್ತದೆ. ಕೊಡವ ಕುಟುಂಬಗಳ ಹಾಕಿ ಉತ್ಸವ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಅದನ್ನು ಆರಂಭಿಸಿದಾಗ ಆಡಿದ್ದು 60 ಒಕ್ಕಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಉತ್ಸವಕ್ಕೆ 360 ತಂಡಗಳು ಬಂದವು. ಒಂದೊಂದು ವರ್ಷ ಒಂದೊಂದು ಒಕ್ಕ ಹೊಣೆ ಹೊರುವುದು, ಗಂಡಸರು ಹೆಂಗಸರು, ಹಿರಿಯರು ಹುಡುಗರು ಒಂದೇ ತಂಡದಲ್ಲಿ ಇಳಿಯುವುದು, ಬೆನ್ನ ಮೇಲೆ ಒಕ್ಕದ ಹೆಸರಿರುವುದು, ಇವುಗಳಿಂದಲೇ ಅದು ಇಷ್ಟು ಬೆಳೆದಿದೆ. ನಿಮ್ಮ ಒಕ್ಕದಲ್ಲಿಯೂ ಹಾಗೆಯೇ ಪ್ರತಿವರ್ಷದ ಅಡುಗೆ, ವಸತಿ, ಖರ್ಚಿನ ಹೊಣೆಯನ್ನು ಸರದಿಯಂತೆ ಎರಡು ಮೂರು ಮನೆಗಳಿಗೆ ವಹಿಸಿ, ಅದರಲ್ಲಿ ಮೂವತ್ತು ದಾಟದ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ.

ಪ್ರಶ್ನೆ: ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಕೂಟಕ್ಕೆ ಕರೆಯಬೇಕೆ? ವಂತಿಗೆ ಯಾರು ಯಾರಿಂದ ಪಡೆಯಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಕರೆಯಲೇಬೇಕು. ಮದುವೆಯ ನಂತರ ಅವರು ಗಂಡನ ಒಕ್ಕದ ಹೆಸರು ಹೊತ್ತುಕೊಳ್ಳುವರಾದರೂ ತವರಿನ ಕೈಮಡ ಅವರಿಗೆ ಅನ್ಯವಾಗುವುದಿಲ್ಲ. ಹಳೆಯ ಸಂಬಂಧಗಳ ನೆನಪು, ಯಾರ ಅಜ್ಜಿ ಯಾವ ಒಕ್ಕದಿಂದ ಬಂದವರು ಎಂಬ ವಿವರ ಅನೇಕ ಮನೆಗಳಲ್ಲಿ ಇರುವುದು ಇಂಥ ಹೆಣ್ಣುಮಕ್ಕಳ ಬಾಯಲ್ಲೇ. ಅದನ್ನು ಕೂಟದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ವಂತಿಗೆಯನ್ನು ತಲೆಗೆ ಇಷ್ಟೆಂದು ವಿಧಿಸದೆ, ಒಕ್ಕದ ಹೆಸರಿರುವ ಪ್ರತಿ ಸಂಸಾರಕ್ಕೆ ಎಲ್ಲರೂ ಕೊಡಬಲ್ಲಷ್ಟು ಚಿಕ್ಕ ಮೊತ್ತವನ್ನು ಗೊತ್ತುಮಾಡಿ. ಹೆಚ್ಚು ಕೊಡಬಯಸುವವರ ಹಣವನ್ನು ಪ್ರತ್ಯೇಕವಾಗಿ ಐನ್‌ಮನೆಯ ಹೆಂಚು, ಮರಗೆಲಸ ಮತ್ತು ಕೈಮಡದ ದುರಸ್ತಿಗೆ ಇಡಿ. ಕೊಟ್ಟವರ ಹೆಸರನ್ನು ಮೊತ್ತದ ಸಮೇತ ಓದುವ ರೂಢಿ ಕೆಲವೆಡೆ ಇದೆ, ಅದು ಬೇಡ. ಕೊಡಲಾಗದವರನ್ನು ಅದು ನೋಯಿಸುತ್ತದೆ. ಒಟ್ಟು ಜಮೆ ಮತ್ತು ಖರ್ಚಿನ ಲೆಕ್ಕವನ್ನು ಮಾತ್ರ ಊಟಕ್ಕೆ ಮೊದಲು ಎಲ್ಲರೆದುರು ಓದಿ, ಮುಂದಿನ ವರ್ಷದ ಸರದಿಯವರಿಗೆ ಪುಸ್ತಕವನ್ನು ಅಲ್ಲಿಯೇ ಒಪ್ಪಿಸಿಬಿಡಿ.