ಸಿಪಿಯು ಖಾಲಿ ಇದ್ದರೂ ಸಂಜೆ ಹೊತ್ತು ಸೈಟ್ ಯಾಕೆ ನಿಧಾನ?

ಸಂಜೆ ಸೈಟ್ ತೆರೆಯಲು ಹತ್ತು ಸೆಕೆಂಡ್ ಬೇಕು, ಆದರೆ ಸಿಪಿಯು ಶೇ. 20 ದಾಟುವುದಿಲ್ಲ, ಹಾಗಾದರೆ ಏನನ್ನು ನೋಡಬೇಕು ಅಂತ ಕೇಳಿದ್ದೀರಿ. ಇದೇ ತಲೆಬಿಸಿ ನಾನೂ ಅನುಭವಿಸಿದ್ದೇನೆ.

ನಾನಿರುವುದು ಶಿರಸಿಯಲ್ಲಿ. ಅಡಿಕೆ ದರ ತೋರಿಸುವ ಸಣ್ಣ ಸೈಟ್ ಒಂದನ್ನು ನೋಡಿಕೊಳ್ಳುತ್ತೇನೆ. ಎರಡು ಕೋರ್, 2 ಜಿಬಿ ರ‍್ಯಾಮ್‌ನ ಬಾಡಿಗೆ ಸರ್ವರ್. ಅದರಲ್ಲಿ ಬ್ರೌಸರ್‌ನ ಕೋರಿಕೆ ಪಡೆಯುವ ಎಂಜಿನ್‌ಎಕ್ಸ್, ಪುಟ ಕಟ್ಟಿಕೊಡುವ ಪಿಎಚ್‌ಪಿ, ದರಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಮೈಎಸ್‌ಕ್ಯೂಎಲ್. ದಿನವಿಡೀ ಅದಕ್ಕೆ ಕೆಲಸವೇ ಇಲ್ಲ. ವ್ಯಾಪಾರ ಮುಗಿದು ಆ ದಿನದ ರಾಶಿ, ಚಾಲಿ ದರ ಹಾಕಿದ್ದೇ ತಡ, ತೋಟದಲ್ಲಿದ್ದವರೂ ಫೋನ್ ತೆಗೆಯುತ್ತಾರೆ. ಸೈಟ್ ಅಲ್ಲೇ ಕೂರುತ್ತಿತ್ತು.

ಒಂದು ಸಂಜೆ ಟಾಪ್ (ಸರ್ವರ್‌ನಲ್ಲಿ ಆ ಕ್ಷಣ ಏನು ನಡೆಯುತ್ತಿದೆ ಅಂತ ತೋರಿಸುವ ಕಮಾಂಡ್) ತೆರೆದುಕೊಂಡು ಕಾದೆ. ಲೋಡ್ ಆವರೇಜ್, ಅಂದರೆ ಓಡುತ್ತಿರುವ ಮತ್ತು ಸರದಿಗೆ ಕಾಯುತ್ತಿರುವ ಪ್ರಾಸೆಸ್‌ಗಳ ಸರಾಸರಿ ಸಂಖ್ಯೆ, 5.2. ಎರಡು ಕೋರ್‌ಗೆ ಅದು ಜಾಸ್ತಿಯೇ. ಆದರೆ ಸಿಪಿಯು ಸುಮ್ನೆ ಕೂತಿದೆ! ಲಿನಕ್ಸ್‌ನ ಲೋಡ್ ಲೆಕ್ಕದಲ್ಲಿ ಡಿಸ್ಕ್‌ಗಾಗಿ ಕಾಯುವ ಪ್ರಾಸೆಸ್‌ಗಳೂ ಸೇರುತ್ತವೆ ಅನ್ನುವುದು ಆಗ ನೆನಪಾಯಿತು. ಟಾಪ್‌ನ ಸಿಪಿಯು ಸಾಲಿನಲ್ಲಿ ‘ಡಬ್ಲ್ಯೂಎ’ (wa) ಅಂತ ಒಂದು ಅಂಕಿ ಇರುತ್ತದಲ್ಲ, ಸಿಪಿಯು ಡಿಸ್ಕ್‌ಗಾಗಿ ಕಾಯುತ್ತಾ ಕಳೆದ ಸಮಯ ಶೇ. ಎಷ್ಟು ಅನ್ನುವುದು, ಅದು 60ರ ಮೇಲಿತ್ತು. ನೀವೂ ಮೊದಲು ನೋಡಬೇಕಾದ್ದು ಅದನ್ನೇ.

ನಾನು ಮಾತ್ರ ಅಲ್ಲೇ ಎಡವಿದೆ. ಪಿಎಚ್‌ಪಿ ಲಾಗ್‌ನಲ್ಲಿ ‘ಮ್ಯಾಕ್ಸ್ ಚಿಲ್ಡ್ರನ್ 5 ತಲುಪಿದೆ, ಹೆಚ್ಚಿಸಿ ನೋಡಿ’ ಅನ್ನುವ ಅರ್ಥದ ಎಚ್ಚರಿಕೆ ಬಂದಿತ್ತು. ಒಂದೇ ಹೊತ್ತಿಗೆ ಎಷ್ಟು ಪಿಎಚ್‌ಪಿ ಪ್ರಾಸೆಸ್ ಓಡಬಹುದು ಅನ್ನುವ ಮಿತಿ ಅದು. ಓಹೋ ಇದೇ ಅಂದುಕೊಂಡು 5 ಇದ್ದದ್ದನ್ನು 40 ಮಾಡಿದೆ. ಮರುದಿನ ರ‍್ಯಾಮ್ ತುಂಬಿ, ಸ್ವಾಪ್ (ಅದು ಸಾಲದಾಗ ಬಳಸುವ ಡಿಸ್ಕ್ ಜಾಗ) ತುಂಬಿ, ಕೊನೆಗೆ ಜಾಗ ಬಿಡಿಸಿಕೊಳ್ಳಲು ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಮೈಎಸ್‌ಕ್ಯೂಎಲ್ ಅನ್ನು ಕೊಂದು ಹಾಕಿತು. ಕ್ಯೂ ಉದ್ದ ಅಂತ ಕೌಂಟರ್ ಹೆಚ್ಚಿಸಿದ್ದೆ. ಪ್ರತಿ ಕೌಂಟರಿನಲ್ಲೂ ಯಾಕೆ ಅಷ್ಟು ಹೊತ್ತು ಹಿಡಿಯುತ್ತಿದೆ ಅಂತ ಕೇಳಿರಲೇ ಇಲ್ಲ.

ಕೇಳುವುದು ಹೀಗೆ. ಎಂಜಿನ್‌ಎಕ್ಸ್‌ನ ಲಾಗ್ ಫಾರ್ಮ್ಯಾಟ್‌ಗೆ ಎರಡು ಅಂಕಿ ಸೇರಿಸಿ: ರಿಕ್ವೆಸ್ಟ್ ಟೈಮ್, ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್. ತಾನಾಗಿ ಅವು ಬರುವುದಿಲ್ಲ. ಮೊದಲನೆಯದು ಇಡೀ ವ್ಯವಹಾರಕ್ಕೆ ಹಿಡಿದ ಸಮಯ, ಎರಡನೆಯದು ಪಿಎಚ್‌ಪಿ ಉತ್ತರ ಕೊಡಲು ತೆಗೆದುಕೊಂಡದ್ದು. ಎರಡೂ ಜಾಸ್ತಿ ಇದ್ದರೆ ತಪ್ಪು ನಮ್ಮದೇ. ಮೊದಲನೆಯದು ಮಾತ್ರ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಆ ಕಡೆಯವರ ನೆಟ್ ನಿಧಾನ, ದೊಡ್ಡ ಪುಟಗಳಲ್ಲಂತೂ ಇದು ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಘಟ್ಟದ ಬುಡದಲ್ಲಿ ನಿಂತು ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ನೋಡುವವರಿಗಾಗಿ ಸರ್ವರ್ ದೊಡ್ಡದು ಮಾಡಿ ಏನು ಪ್ರಯೋಜನ? ಪುಟ ಹಗುರ ಮಾಡಬೇಕು ಅಷ್ಟೇ.

ನನ್ನ ಲಾಗ್‌ನಲ್ಲಿ ‘11.412 11.409’ (ಸೆಕೆಂಡ್‌ಗಳಲ್ಲಿ) ಅಂತ ಬಿದ್ದಿತ್ತು. ತಪ್ಪು ನಮ್ಮದೇ. ಮೈಎಸ್‌ಕ್ಯೂಎಲ್‌ನ ಸ್ಲೋ ಕ್ವೆರಿ ಲಾಗ್ ಹಾಕಿದೆ, ತಡವಾಗುವ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು) ಅದು ಬರೆದಿಡುತ್ತದೆ. ಅದರ ಮಿತಿ ಮೊದಲಿಗೆ 10 ಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸಿಕೊಳ್ಳಿ. ಸಿಕ್ಕಿಬಿದ್ದದ್ದು ಒಂದೇ ಕ್ವೆರಿ: ‘ಕಳೆದ ವರ್ಷ ಇದೇ ದಿನದ ದರ’. ತಾರೀಖಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇರಲಿಲ್ಲ, ಹಾಗಾಗಿ ಪ್ರತಿಯೊಬ್ಬರಿಗೂ ಇಡೀ ಟೇಬಲ್ ಡಿಸ್ಕ್‌ನಿಂದ ಓದುತ್ತಿತ್ತು. ಇಂಡೆಕ್ಸ್ ಹಾಕಿದ ಮೇಲೆ ಮ್ಯಾಕ್ಸ್ ಚಿಲ್ಡ್ರನ್ ಮತ್ತೆ 5ಕ್ಕೆ ಇಳಿಸಿದರೂ ಸಂಜೆ ಆರಾಮಾಗಿ ಸಾಗುತ್ತಿದೆ.

ಸರ್ವರ್‌ನ ಈ ಅಂಕಿಗಳ ಗ್ರಾಫ್ ಬೇಕಿದ್ದರೆ ನೆಟ್‌ಡೇಟಾ ಅನ್ನುವ ಸಾಫ್ಟ್‌ವೇರ್ ಸಾಕು. ಒಂದೇ ಸರ್ವರ್‌ಗೆ ಪ್ರಾಮಿಥಿಯಸ್, ಗ್ರಫಾನಾ ಎಲ್ಲ ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಆದರೆ ಸರಾಸರಿ ಸಮಯ ನೋಡಿ ಸಮಾಧಾನ ಪಡಬೇಡಿ. ಅಡಿಕೆ ಮಾರುವವರು ಕನಿಷ್ಠ, ಗರಿಷ್ಠ ಎರಡೂ ಕೇಳುತ್ತಾರೆ, ಬರೀ ಸರಾಸರಿ ಹೇಳಿದರೆ ಯಾರೂ ಚೀಲ ಬಿಚ್ಚುವುದಿಲ್ಲ. ಸಮಯಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ನೂರರಲ್ಲಿ 95ನೆಯವರು ಎಷ್ಟು ಕಾದರು ಅಂತ ನೋಡಿ. ನನ್ನ ಸರಾಸರಿ ಆಗಲೂ 1 ಸೆಕೆಂಡ್ ದಾಟಿರಲಿಲ್ಲ!

ಇಂದು ಸಂಜೆ ಸೈಟ್ ನಿಧಾನ ಆದಾಗ ಟಾಪ್‌ನ ಮೇಲಿನ ಐದು ಸಾಲು, ಲಾಗ್‌ನ ಹತ್ತು ಸಾಲು ಇಲ್ಲಿ ಹಾಕಿ, ನೋಡೋಣ. ಐಪಿ ವಿಳಾಸ ಮಾತ್ರ ಅಳಿಸಿಬಿಡಿ.