ಕಡಿದ ತೋಪಿನ ಸೊಪ್ಪುಸದೆ

ಪ್ರಶ್ನೆ: ನಮ್ಮ ಮನೆಯ ಹಿಂದಿನ ಅಕೇಶಿಯಾ ತೋಪನ್ನು ಕಡಿದವರು ದಿಮ್ಮಿಗಳೊಂದಿಗೆ ರೆಂಬೆ, ಸೊಪ್ಪನ್ನೂ ಲಾರಿಗೆ ತುಂಬಿದರು. ಇದರಿಂದ ಮಣ್ಣಿನ ಸಾರ ಕುಗ್ಗುವುದೇ?
– ಓದುಗರೊಬ್ಬರು, ಫೋಂಡಾ, ಗೋವಾ

ಉತ್ತರ: ಕುಗ್ಗುತ್ತದೆ. ದಿಮ್ಮಿಯ ತೂಕ ಹೆಚ್ಚಾದರೂ ಅದರ ಬಹುಪಾಲು ಗಾಳಿ, ನೀರುಗಳಿಂದಲೇ ಬಂದದ್ದು. ಸಾರಜನಕ, ರಂಜಕ, ಪೊಟ್ಯಾಶಿಯಂಗಳು ದಟ್ಟವಾಗಿರುವುದು ಎಲೆ ಮತ್ತು ಎಳೆರೆಂಬೆಗಳಲ್ಲಿ, ಕ್ಯಾಲ್ಸಿಯಂ ತೊಗಟೆಯಲ್ಲಿ. ಆದ್ದರಿಂದ ತೂಕದಲ್ಲಿ ಅಲ್ಪವೆನಿಸುವ ಸೊಪ್ಪು ಲಾರಿ ಏರಿದಾಗ ಪೋಷಕಾಂಶದ ನಷ್ಟ ಮಾತ್ರ ಅಲ್ಪವಾಗಿರುವುದಿಲ್ಲ. ಅಕೇಶಿಯಾದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಆ ಕೊರತೆ ಕಾಲಕ್ರಮೇಣ ತುಂಬೀತು. ಆದರೆ ಮಳೆಗಾಲದ ನೀರು ಕ್ಯಾಲ್ಸಿಯಂ, ಪೊಟ್ಯಾಶಿಯಂಗಳನ್ನು ಮೊದಲೇ ತೊಳೆದಿರುವ, ರಂಜಕವನ್ನು ಕಬ್ಬಿಣದ ಅಂಶ ಬಿಗಿಹಿಡಿದಿರುವ ನಿಮ್ಮ ಜಂಬಿಟ್ಟಿಗೆ ಮಣ್ಣಿಗೆ ಉಳಿದವುಗಳನ್ನು ತುಂಬಿಕೊಡುವವರಿಲ್ಲ. ನನ್ನ ಚಿಂತೆ ಇದರದ್ದೇ.

ಸೌದೆ ಬೇಕೇ ಬೇಕೆಂದಾದರೆ ಕಡಿದ ರೆಂಬೆಗಳನ್ನು ಕೆಲವು ವಾರ ಅಲ್ಲೇ ಒಣಗಲು ಬಿಟ್ಟು, ಎಲೆ (ಅಕೇಶಿಯಾದಲ್ಲಿ ಅದು ವಾಸ್ತವವಾಗಿ ಚಪ್ಪಟೆಯಾದ ತೊಟ್ಟು) ಉದುರಿದ ಬಳಿಕ ಬರಿಯ ಕಡ್ಡಿಗಳನ್ನು ಒಯ್ಯಬಹುದು. ತೊಗಟೆಯನ್ನೂ ಅಲ್ಲೇ ಸುಲಿದರೆ ಇನ್ನೂ ಒಳ್ಳೆಯದು. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಕಟ್ಟಿಗೆಯ ಬೂದಿಯನ್ನು ಕಾಡಿಗೆ ಮರಳಿಸುವ ರೂಢಿಯಿದೆ. ಆದರೆ ಬೂದಿಯಲ್ಲಿ ಸಾರಜನಕ ಉಳಿದಿರುವುದಿಲ್ಲ, ಅದು ಹೊಗೆಯೊಂದಿಗೇ ಹೋಗಿರುತ್ತದೆ.