ಸುಳ್ಳು ಲೆಕ್ಕ ಬರೆಯಲಾರೆ ಎಂದೆ, ಈಗ ಒಂಟಿಯಾದೆ

ಪ್ರಶ್ನೆ: ನಾನು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವರ್ಷದ ಗುರಿ ಮುಟ್ಟಲೆಂದು, ಮುಂದಿನ ತಿಂಗಳು ಹೊರಡುವ ಸರಕಿನ ಬಿಲ್ಲುಗಳನ್ನು ಈ ತಿಂಗಳ ಲೆಕ್ಕಕ್ಕೇ ಸೇರಿಸಲು ವ್ಯವಸ್ಥಾಪಕರು ಹೇಳಿದರು. ‘ನಾನು ಕ್ರೈಸ್ತಳು, ಇಂಥದ್ದು ಮಾಡುವುದಿಲ್ಲ’ ಎಂದೆ. ಅಂದಿನಿಂದ ಸಹೋದ್ಯೋಗಿಗಳಿಗೆ ನಾನು ‘ಸಂತಮ್ಮ’. ಊಟಕ್ಕೂ ಕರೆಯುವುದಿಲ್ಲ. ಇದೇ ನಂಬಿಕೆಗೆ ಸಾಕ್ಷಿ ಎನ್ನುತ್ತಾರೆ ನಮ್ಮ ಚರ್ಚಿನ ಸಭಾಪಾಲಕರು. ನನಗೋ ಸೋತಂತೆ ಅನಿಸುತ್ತಿದೆ. ಈ ನಡುವೆ ಆಡಿಕೊಳ್ಳುವವರಲ್ಲೇ ಒಬ್ಬಳು, ತಾಯಿಯ ಶಸ್ತ್ರಚಿಕಿತ್ಸೆಗಾಗಿ ಪ್ರಾರ್ಥಿಸು ಎಂದು ಗುಟ್ಟಾಗಿ ಕೇಳಿದ್ದಾಳೆ. ಏನು ಮಾಡಲಿ?

ಸಹೋದರಿ,

ನೀವು ಒಪ್ಪದೆ ಇದ್ದದ್ದು ಸರಿ. ಹೇಳಿದ ಮಾತಿನಲ್ಲಿ ಮಾತ್ರ ಒಂದು ಮುಳ್ಳಿದೆ. ‘ನಾನು ಕ್ರೈಸ್ತಳು, ಮಾಡುವುದಿಲ್ಲ’ ಎಂದಾಗ ಪಕ್ಕದ ಮೇಜಿನವರಿಗೆ ಕೇಳಿಸಿದ್ದು ‘ನೀವಾದರೆ ಮಾಡುವವರು’ ಎಂದು. ಸರಕು ಹೊರಡುವ ಮೊದಲೇ ಮಾರಾಟವೆಂದು ಬರೆಯುವುದು ತಪ್ಪೆಂದು ತಿಳಿಯಲು ದೀಕ್ಷಾಸ್ನಾನ ಬೇಕಿಲ್ಲ, ಲೆಕ್ಕ ಕಲಿತಿದ್ದರೆ ಸಾಕು.

ಬೈಬಲಿನ ದಾನಿಯೇಲನನ್ನು ನೆನೆಯಿರಿ. ಸಿಂಹಗಳ ಗವಿಯ ದಾನಿಯೇಲನನ್ನಲ್ಲ, ಅದನ್ನು ಸಂಡೇ ಸ್ಕೂಲಿನಲ್ಲೇ ಬೇಕಾದಷ್ಟು ಕೇಳಿದ್ದೇವೆ. ಅವನ ಹೆಸರಿನ ಗ್ರಂಥದ ಮೊದಲ ಅಧ್ಯಾಯದ ಯುವಕನನ್ನು ನೋಡಿ. ತನ್ನ ಧರ್ಮಕ್ಕೆ ಒಗ್ಗದ ಅರಸನ ಊಟ ಬೇಡವೆಂದಾಗ ಅರಮನೆಯ ಅಧಿಕಾರಿ ತನ್ನ ತಲೆ ಹೋದೀತೆಂದು ಹೆದರಿದ. ದಾನಿಯೇಲ ಆ ಭಯವನ್ನು ಹೀಗಳೆಯಲಿಲ್ಲ. ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ಬೇರೊಂದು ದಾರಿ ತೋರಿಸಿದ. ನಿಮ್ಮ ವ್ಯವಸ್ಥಾಪಕರ ತಲೆಯ ಮೇಲೂ ಯಾರೋ ಕುಳಿತಿರಬೇಕು. ‘ಕೈಯಲ್ಲಿರುವ ಆರ್ಡರುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ವರದಿಗೆ ಲಗತ್ತಿಸೋಣ, ಮಾರಾಟದಲ್ಲಿ ತೋರಿಸುವುದು ಬೇಡ’ ಎಂದು ಹೇಳಿ ನೋಡಿ. ಆಗಲೂ ಬಲವಂತ ಮಾಡಿದರೆ ಇ-ಮೇಲಿನಲ್ಲೇ ನಿರಾಕರಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ನೀವು ಬಿಟ್ಟ ಬಿಲ್ಲುಗಳು ಕಿರಿಯರೊಬ್ಬರ ಮೇಜಿಗೆ ಹೋದರೆ ಸುಮ್ಮನಿರಬೇಡಿ. ನನ್ನ ಕೈ ಶುದ್ಧವಾಗಿದೆ ಎಂದು ಕೂರುವುದು ಅಷ್ಟೇನೂ ದೊಡ್ಡ ಸಾಕ್ಷಿಯಲ್ಲ.

ಸಭಾಪಾಲಕರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರ ಹೇಳುವುದು, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಸಾತ್ವಿಕವಾಗಿ ಉತ್ತರ ಕೊಡಿ ಎಂದು. ಕೇಳುವವರಿಗೆ! ಕಚೇರಿಯಲ್ಲಿ ಕೇಳಿದವಳು ಒಬ್ಬಳೇ, ಅದೂ ಗುಟ್ಟಾಗಿ. ಅವಳಿಗಾಗಿ ಇಂದೇ ಪ್ರಾರ್ಥಿಸಿ. ಮಂಡಿಯೂರಲು ಜಾಗ ಹುಡುಕಬೇಕಿಲ್ಲ; ಅರಸನಿಗೆ ದ್ರಾಕ್ಷಾರಸ ಕೊಡುವ ಪಾನದಾಯಕನಾಗಿದ್ದ ಬೈಬಲಿನ ನೆಹೆಮೀಯ ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಗಳಿಗೆಯಲ್ಲೇ ಪ್ರಾರ್ಥಿಸಿದ. ಶಸ್ತ್ರಚಿಕಿತ್ಸೆಯ ದಿನ ಅವಳ ಕೆಲಸದಲ್ಲಿ ಅರ್ಧ ನೀವು ಹೊತ್ತುಕೊಳ್ಳಿ. ಅವಳು ಕೇಳಿದ್ದನ್ನು ಯಾರಿಗೂ, ಸಭೆಯ ಪ್ರಾರ್ಥನಾ ಕೂಟದಲ್ಲಿಯೂ, ಹೇಳಬೇಡಿ.

ಪ್ರಾಮಾಣಿಕತೆಗೆ ಬಡ್ತಿ ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಬೆಂಕಿಯ ಆವಿಗೆಯ ಮುಂದೆ ನಿಂತ ದಾನಿಯೇಲನ ಆ ಮೂವರು ಗೆಳೆಯರು, ದೇವರು ಬಿಡಿಸದೆ ಹೋದರೂ ಅರಸನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದಿದ್ದರಲ್ಲವೆ? ಕೆಲವು ತಿಂಗಳ ಖರ್ಚಿಗೆ ಹಣ ತೆಗೆದಿಡಿ, ಬೇರೆ ಕೆಲಸದ ಮೇಲೂ ಕಣ್ಣಿರಲಿ. ಅದು ಅವಿಶ್ವಾಸವೇನಲ್ಲ.

ಇನ್ನು ಊಟದ ವಿಷಯ. ಕರೆಯಲಿ ಎಂದು ಕಾಯಬೇಡಿ, ನಾಳೆಯೇ ಡಬ್ಬಿ ಹಿಡಿದು ಹೋಗಿ ಅವರ ಜೊತೆ ಕುಳಿತುಕೊಳ್ಳಿ. ಯಾರಾದರೂ ‘ಸಂತಮ್ಮ ಬಂದಳು’ ಎಂದರೆ, ಸ್ವಲ್ಪ ಸರಿದು ಜಾಗ ಕೊಡಿ ಎಂದು ನಕ್ಕುಬಿಡಿ.